ಒಳಮನೆಯ ಕೈ

ನಮ್ಮ ಕಡೆ ಗಂಡಿನ ಮನೆ ನೋಡೋಕೆ ಹೋದ ಹೆಣ್ಣಿನವರು ಅಲ್ಲಿ ಊಟ ಮಾಡೋದಿಲ್ಲ. ಹೊಲ, ಬಾವಿ, ಕೊಟ್ಟಿಗೆ ಎಲ್ಲ ನೋಡಿ ಹಿರಿಯರ ಮನಸ್ಸಿಗೆ ಒಪ್ಪಿಗೆಯಾಗಬೇಕು, ಆಮೇಲೆ ಎಲೆ ಹಾಕೋದು. ಹಿರಿಯರು ಒಂದು ತುತ್ತು ಬಾಯಿಗಿಟ್ಟರೆ ಸಂಬಂಧ ಗಟ್ಟಿ. ಇಡದೆ ಎದ್ದು ಬಂದರೆ ಯಾರೂ ಬಾಯಿಬಿಟ್ಟು 'ಬೇಡ' ಅನ್ನಬೇಕಾಗಿಲ್ಲ, ಎರಡು ಕಡೆಯವರಿಗೂ ಅರ್ಥವಾಗಿರುತ್ತೆ.

ನನ್ನ ವಿಷಯದಲ್ಲಿ ಆ ಹಿರಿಯರು ಅಂದರೆ ನಮ್ಮಜ್ಜಿ ಅಮ್ಮಯಮ್ಮ. ನೋಡೋಕೆ ಹೋದ ಮನೆ ಅಂದರೆ, ದೇವನಹಳ್ಳಿ ಏರ್‌ಪೋರ್ಟ್ ಹತ್ತಿರದ ದೊಡ್ಡ ಹೋಟೆಲಿನೊಳಗಿನ ಜಪಾನಿ ರೆಸ್ಟೋರೆಂಟು.

ವಸಂತ್ ಅಲ್ಲಿ ಶೆಫ್. ನಾನು ಅದೇ ಹೋಟೆಲಿನ ಹೂವಿನ ಕೋಣೆಯಲ್ಲಿ ಕೆಲಸ ಮಾಡ್ತೀನಿ. ಬೆಳಗಾದರೆ ಬರುವ ಗುಲಾಬಿ, ಲಿಲ್ಲಿಗಳ ತೊಟ್ಟು ಕತ್ತರಿಸಿ, ನೀರಿಗಿಟ್ಟು, ಯಾವ ಹೂವು ಯಾವ ಮೂಲೆಗೆ ಅಂತ ಕನಸು ಕಾಣ್ತಾ ಜೋಡಿಸೋದು ನನ್ನ ಕೆಲಸ. ಅವರ ರೆಸ್ಟೋರೆಂಟಿಗೆ ಮಾತ್ರ ಒಂದೇ ಒಂದು ರೆಂಬೆ ಸಾಕು. ಒಂದು ದಿನ ಕೈ ತಡೆಯದೆ ಎರಡು ರೆಂಬೆ ಇಟ್ಟಿದ್ದೆ. ವಸಂತ್ ಕೆಳಗಿಳಿದು ಬಂದು, "ಮೇಡಂ, ಒಂದು ಹೆಚ್ಚಾಗಿದೆ" ಅಂತ ಅದನ್ನು ನನ್ನ ಕೈಗೇ ವಾಪಸು ಕೊಟ್ಟ. ನಮ್ಮ ಕತೆ ಅಲ್ಲಿಂದ ಶುರುವಾಯಿತು.

ಮನೆಯಲ್ಲಿ ಹೇಳಿದಾಗ ಅಪ್ಪ, "ನನ್ನೇನೂ ಕೇಳ್ಬೇಡ. ಅಮ್ಮ ಹೂಂ ಅಂದ್ರೆ ಹೂಂ" ಅಂದುಬಿಟ್ಟರು. ಚಿಕ್ಕಪ್ಪ ಭೀಮರಾಜ್ ಆಗಲೇ ಒಂದು ಸಂಬಂಧ ತಂದಿದ್ದ. ಹುಡುಗನಿಗೆ ಹೊಸಕೋಟೆಯಲ್ಲಿ ಸ್ವಂತ ಮನೆ, ಪಿಲ್ಲಗುಂಪೆಯಲ್ಲಿ ಚಿಕ್ಕದೊಂದು ಫ್ಯಾಕ್ಟರಿ. ಅವರು ನಮ್ಮ ಉತ್ತರಕ್ಕೆ ಕಾಯ್ತಾ ಇದ್ದರು. ಅಜ್ಜಿ ವಸಂತನನ್ನು ಬೇಡ ಅಂದರೆ ನಾನು ಆ ಫ್ಯಾಕ್ಟರಿ ಮನೆಗೆ ಹೋಗಬೇಕು.

ವಸಂತನ ಮನೆಯವರದ್ದು ಬೆಟ್ಟಕೋಟೆ ಕಡೆ. ಇದ್ದ ಹೊಲ ಲೇಔಟಿಗೆ ಹೋಗಿ, ಈಗ ದೇವನಹಳ್ಳಿಯಲ್ಲಿ ಬಾಡಿಗೆ ಮನೆ.

"ಹೊಲ ಇಲ್ಲ, ಬಾವಿ ಇಲ್ಲ, ಕೊಟ್ಟಿಗೆ ಇಲ್ಲ. ಇನ್ನೇನು ನೋಡ್ಲೇ? ಬೇರೆಯವರ ಮನೆ ಗೋಡೆನಾ?" ಅಂತು ಅಜ್ಜಿ. ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಸವರ್ತಾ ಕೂತಿದ್ದು, "ಅವನು ನಿಂತು ದುಡಿಯೋ ಜಾಗಾನೇ ಅವನ ಹೊಲ ಅನ್ಕೊಳ್ಳೋಣ. ಅದನ್ನೇ ನೋಡ್ತೀನಿ. ಅವರಪ್ಪ ಅಮ್ಮ ಆಮೇಲೆ ಬರ್ಲಿ" ಅಂತು.

ಭಾನುವಾರ ಮಧ್ಯಾಹ್ನ ಹೊರಟೆವು. ಅಜ್ಜಿ, ನಾನು, ಕಾರು ಓಡಿಸೋಕೆ ಚಿಕ್ಕಪ್ಪ. ಅಜ್ಜಿ ರೇಷ್ಮೆ ಸೀರೆ ಉಟ್ಟಿತ್ತು. ಎಡಗೈ ಎಂದಿನಂತೆ ಸೆರಗಿನೊಳಗೆ.

ಆ ಕೈಯ ವಿಷಯ ಹೇಳಬೇಕು.

ಚಿಕ್ಕವಳಾಗಿದ್ದಾಗ ಅಜ್ಜಿ ಪಕ್ಕದಲ್ಲಿ ಮಲಗಿ ಕೇಳಿದ ಕತೆಗಳಲ್ಲಿ ಒಂದು ಕತೆಗೆ ಮಾತ್ರ ಕೊನೆಯೇ ಇರಲಿಲ್ಲ. ಒಂದೂರಲ್ಲಿ ಒಬ್ಬ ಸೊಸೆ. ಅವಳಿಗೆ ಒಂದು ಹೊರಮನೆಯ ಕೈ, ಒಂದು ಒಳಮನೆಯ ಕೈ. ಹೊರಮನೆಯ ಕೈ ರಂಗೋಲಿ ಹಾಕುತ್ತೆ, ಕುಂಕುಮ ಕೊಡುತ್ತೆ, ನೆಂಟರಿಗೆ ನಮಸ್ಕಾರ ಮಾಡುತ್ತೆ. ಒಳಮನೆಯ ಕೈ ಮುದ್ದೆ ತಿರುವುತ್ತೆ, ತೊಟ್ಟಿಲು ತೂಗುತ್ತೆ, ಕಣ್ಣೀರು ಒರೆಸುತ್ತೆ. 'ಒಳಮನೆಯ ಕೈ ಜನರ ಕಣ್ಣಿಗೆ ಬೀಳಬಾರದು' ಅಂತ ಅತ್ತೆಯ ಕಟ್ಟಳೆ. ಒಂದು ದಿನ ಒಳಮನೆಯ ಕೈ ಕೇಳ್ತಂತೆ: 'ಅಕ್ಕಾ ಅಕ್ಕಾ, ಹೊರಗಡೆ ಹೆಂಗಿದೆ?'

"ಆಮೇಲೆ ಅಜ್ಜಿ?"

"ಆಮೇಲೆ ನಿದ್ದೆ ಬಂತು. ಮಲ್ಕೋ."

ಎಷ್ಟು ಸಲ ಕೇಳಿದರೂ ಆಮೇಲೆ ನಿದ್ದೆಯೇ ಬರ್ತಿತ್ತು. ದೊಡ್ಡವಳಾದ ಮೇಲೆ ನನಗೆ ಅರ್ಥವಾಯಿತು. ನಮ್ಮಜ್ಜಿ ಎಡಚಿ. ಮದುವೆಯಾಗಿ ನಮ್ಮೂರು ಕುಂದಾಣಕ್ಕೆ ಬಂದ ಹೊಸತರಲ್ಲಿ ಪಂಕ್ತಿಯಲ್ಲಿ ಕೂತು ಎಡಗೈಯಲ್ಲಿ ತುತ್ತೆತ್ತಿತಂತೆ. ಅವರತ್ತೆ ಎಲ್ಲರೆದುರು ಎಲೆ ಎಳೆದುಹಾಕಿ, ಆ ಕೈಗೆ ಬಟ್ಟೆ ಸುತ್ತಿ ಕಟ್ಟಿದರಂತೆ. ಅವತ್ತಿನಿಂದ ಅಜ್ಜಿ ಯಾವ ಮದುವೆಯಲ್ಲೂ ಪಂಕ್ತಿಗೆ ಕೂತಿಲ್ಲ. 'ಹೊಟ್ಟೆ ಸರಿಯಿಲ್ಲ' ಅನ್ನುತ್ತೆ, ಮನೆಗೆ ಬಂದು ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಉಣ್ಣುತ್ತೆ. ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಮಾತಾಡೋದಿಲ್ಲ. ವಸಂತನಿಗೆ ಊರಿನ ಮಾತೆಲ್ಲ ಹೇಳಿದ್ದ ನಾನು ಇದೊಂದನ್ನು ಹೇಳಿರಲಿಲ್ಲ. ಅದು ಅಜ್ಜಿಯ ಗುಟ್ಟು, ನನ್ನದಲ್ಲ.

ಹೋಟೆಲಿನ ಮುಂಬಾಗಿಲಿಂದ ನಾನು ಅದೇ ಮೊದಲ ಸಲ ಒಳಗೆ ಹೋಗಿದ್ದು. ದಿನಾ ಹಿಂದಿನ ಗೇಟಿನಿಂದ ಹೋಗೋಳು. ಸೆಕ್ಯುರಿಟಿ ಅಣ್ಣ ಗುರುತು ಹಿಡಿದು, "ಏನ್ ಮೇಡಂ, ಇವತ್ತು ಈ ಕಡೆ?" ಅಂತ ನಕ್ಕ. ಅಜ್ಜಿಯ ಎಲೆಅಡಿಕೆ ಚೀಲ ಮಿಷನ್ನಿನೊಳಗೆ ಹೋಗಿ ಆ ಕಡೆಯಿಂದ ಬಂತು.

"ಏನ್ ನೋಡ್ತು ಅದು?" ಅಂತ ಕೇಳಿತು ಅಜ್ಜಿ.

"ಒಳಗೆ ಏನಿದೆ ಅಂತ."

"ಕೇಳಿದ್ರೆ ನಾನೇ ಹೇಳ್ತಿದ್ನಲ್ಲ."

ರೆಸ್ಟೋರೆಂಟಿನ ಮರದ ಬಾಗಿಲು ಪಕ್ಕಕ್ಕೆ ಸರಿದದ್ದೇ ತಡ, ಒಳಗಿದ್ದವರೆಲ್ಲ ಒಟ್ಟಿಗೆ "ಇರಾಶ್ಶೈಮಾಸೇ!" ಅಂತ ಕೂಗಿದರು. ಜಪಾನಿನಲ್ಲಿ 'ಬನ್ನಿ ಬನ್ನಿ' ಅನ್ನೋದು ಹಾಗೆ. ಅಜ್ಜಿ ಬೆಚ್ಚಿಬಿದ್ದು ನನ್ನ ತೋಳು ಹಿಡಿದುಕೊಂಡಿತು. ಆಮೇಲೆ ಸುಧಾರಿಸಿಕೊಂಡು, "ಬಂದ್ವಪ್ಪಾ ಬಂದ್ವಿ. ನಂಗೆ ಕಿವಿ ಚೆನ್ನಾಗೇ ಕೇಳ್ಸುತ್ತೆ" ಅಂತು. ಬಾಗಿಲಲ್ಲೇ ಚಪ್ಪಲಿ ಬಿಟ್ಟಿತು. ಬಡಿಸುವ ಹುಡುಗಿ "ಪರವಾಗಿಲ್ಲ ಅಮ್ಮಾ, ಹಾಕ್ಕೊಂಡೇ ಬನ್ನಿ" ಅಂದರೂ ಕೇಳಲಿಲ್ಲ.

"ಮನೆ ನೋಡೋಕೆ ಬಂದೋರು ಚಪ್ಪಲಿ ಹಾಕ್ಕೊಂಡು ಒಳಗೆ ಬರ್ತಾರೇನವ್ವಾ?"

ಒಳಗೆ ಉದ್ದಕ್ಕೂ ಒಂದು ಮರದ ಕಟ್ಟೆ. ಹಾಲಿನ ಕೆನೆಯ ಬಣ್ಣ, ಎಲ್ಲೂ ಒಂದು ಕಲೆಯಿಲ್ಲ. ಆ ಕಡೆ ನಿಂತು ವಸಂತ್ ಮಾಡಿಕೊಡ್ತಾನೆ, ಈ ಕಡೆ ಎತ್ತರದ ಕುರ್ಚಿಯಲ್ಲಿ ಕೂತು ನಾವು ತಿನ್ನೋದು. ನನ್ನ ಕಣ್ಣಿಗೆ ಅದು ಕಟ್ಟೆಯ ಹಾಗೆ ಕಾಣಲಿಲ್ಲ, ಅಜ್ಜಿಯ ಕತೆಗಳಲ್ಲಿ ಬರುವ ಹೊಳೆಯ ಹಾಗೆ ಕಂಡಿತು. ಆ ದಡದಲ್ಲಿ ಅವನು, ಈ ದಡದಲ್ಲಿ ನಾನು, ದೋಣಿಯ ಹುಟ್ಟು ಅಜ್ಜಿಯ ಕೈಯಲ್ಲಿ.

ವಸಂತ್ ಬಿಳಿ ಅಂಗಿಯಲ್ಲಿ ಬಗ್ಗಿ ನಮಸ್ಕಾರ ಮಾಡಿದ. "ಬನ್ನಿ ಅಜ್ಜಿ. ಬನ್ನಿ ಅಣ್ಣಾ."

"ಏನ್ ಗುರೂ, ಏಸಿ ಜೋರಾಗಿದೆ" ಅಂದ ಚಿಕ್ಕಪ್ಪ, ಕುರ್ಚಿ ಏರ್ತಾ. ಫ್ಯಾಕ್ಟರಿ ಹುಡುಗನ ಕಡೆಯವನಾದರೂ ಚಿಕ್ಕಪ್ಪನಿಗೆ ಹೊಟ್ಟೆ ಹಸಿದಿತ್ತು.

ಬಿಸಿನೀರಲ್ಲಿ ಅದ್ದಿ ಹಿಂಡಿದ ಪುಟ್ಟ ಬಟ್ಟೆಗಳನ್ನು ಕೈ ಒರೆಸಿಕೊಳ್ಳೋಕೆ ತಂದಿಟ್ಟರು. ಅಜ್ಜಿಯ ಸೆರಗು ಕದಲಿತು, ಎಡಗೈ ಅರ್ಧ ಹೊರಗೆ ಬಂತು, ತಕ್ಷಣ ಒಳಗೆ ಹೋಯಿತು. ಆಮೇಲೆ ಬಲಗೈ ನಿಧಾನವಾಗಿ ಬಟ್ಟೆ ಎತ್ತಿಕೊಂಡಿತು. ವಸಂತ್ ತಲೆ ಬಗ್ಗಿಸಿ ಚಾಕು ಒರೆಸ್ತಾ ಇದ್ದ.

ತಪಾಸಣೆ ಶುರುವಾಯಿತು.

"ಒಲೆ ಎಲ್ಲಪ್ಪಾ?"

"ಒಳಗಿದೆ ಅಜ್ಜಿ. ಇಲ್ಲಿ ಬರೀ ಕೈಕೆಲಸ."

"ನೀರು?"

"ಬೋರ್‌ವೆಲ್ ಅಜ್ಜಿ. ಫಿಲ್ಟರ್ ಮಾಡಿ ಬರುತ್ತೆ."

"ಎಷ್ಟಡಿಗೆ ಸಿಕ್ತು?"

ವಸಂತ್ ನನ್ನ ಮುಖ ನೋಡಿದ. "ಅದು ಗೊತ್ತಿಲ್ಲ. ಕೇಳಿ ಹೇಳ್ತೀನಿ."

"ಗೊತ್ತಿಲ್ದಿದ್ದನ್ನ ಗೊತ್ತಿಲ್ಲ ಅಂತಾನೆ" ಅಂತ ಅಜ್ಜಿ ನನಗೆ ಮಾತ್ರ ಕೇಳುವ ಹಾಗೆ ಅಂತು. ಅದು ಹೊಗಳಿದ್ದೋ ತೆಗಳಿದ್ದೋ ತಿಳಿಯಲಿಲ್ಲ.

"ಮೀನು ಹಸೀದೇ ಕೊಡ್ತೀಯಂತೆ?"

"ಬೇಯಿಸಿದ್ದೂ ಇದೆ. ನಿಮಗೆ ಅಂತ ಸಿಗಡಿ ಬೇಯಿಸಿಟ್ಟಿದ್ದೀನಿ."

"ನಾನು ತಿಂತೀನಿ ಅಂತ ಯಾರಂದ್ರು?"

"ಯಾರೂ ಅನ್ಲಿಲ್ಲ ಅಜ್ಜಿ. ನಾನು ಮಾಡಿಟ್ಕೊಂಡಿರ್ಬೇಕಲ್ಲ."

ಅವನು ಕೈ ಒದ್ದೆ ಮಾಡಿಕೊಂಡು ಮರದ ತೊಟ್ಟಿಯಿಂದ ಒಂದು ಹಿಡಿ ಅನ್ನ ತಗೊಂಡ. ಅಂಗೈಯಲ್ಲಿ ಹಗುರವಾಗಿ ಒತ್ತಿ ಬೆರಳುದ್ದದ ಉಂಡೆ ಮಾಡಿ, ಮೇಲೆ ಕೆಂಪು ಗೆರೆಗಳ ಸಿಗಡಿ ಹೊದಿಸಿದ. ಸುಶಿ ಅನ್ನೋದು ಅದಕ್ಕೇ. ಅಜ್ಜಿಯ ಮುಂದಿನ ಕರಿಕಲ್ಲಿನ ತಟ್ಟೆಯಲ್ಲಿ ಒಂದು, ನನ್ನ ಮುಂದೆ ಒಂದು, ಚಿಕ್ಕಪ್ಪನ ಮುಂದೆ ಒಂದು ಇಟ್ಟ.

"ಊಟದ ಕಡ್ಡಿ ಬೇಕಾಗಿಲ್ಲ, ಕೈಯಲ್ಲೇ ತಿನ್ನೋದು. ಒಂದೇ ತುತ್ತು. ಇಟ್ಟ ತಕ್ಷಣ ತಿಂದ್ರೆ ರುಚಿ" ಅಂದ, ದಿನಾ ಎಲ್ಲರಿಗೂ ಹೇಳುವ ರೂಢಿಯಲ್ಲಿ. ಹೇಳಿ ನಾಲಗೆ ಕಚ್ಚಿಕೊಂಡ. ನಮ್ಮ ಕಟ್ಟಳೆ ಅವನಿಗೂ ಗೊತ್ತು. ಅವನ ಮನೆಯಲ್ಲಿ ಇಟ್ಟ ಕೂಡಲೇ ತಿನ್ನಬೇಕು, ನಮ್ಮ ಪದ್ಧತಿಯಲ್ಲಿ ಒಪ್ಪುವ ತನಕ ಮುಟ್ಟಬಾರದು.

ಅಜ್ಜಿ ಕದಲಲಿಲ್ಲ. ಅಜ್ಜಿ ತಿನ್ನದೆ ನಾನು ತಿನ್ನೋ ಹಾಗಿಲ್ಲ. ನನ್ನ ಎದುರಿನ ಸಿಗಡಿ ನನ್ನನ್ನು ನೋಡ್ತಾ ಇತ್ತು, ನಾನು ಅದನ್ನು ನೋಡ್ತಾ ಇದ್ದೆ. ಅಷ್ಟರಲ್ಲಿ ಆ ಪಕ್ಕದಿಂದ ಗುಳುಂ ಅಂತ ಶಬ್ದ. ಚಿಕ್ಕಪ್ಪನ ತಟ್ಟೆ ಖಾಲಿ.

"ಲೇ ಭೀಮಾ!" ಅಂತು ಅಜ್ಜಿ, ಹಲ್ಲು ಕಚ್ಚಿಕೊಂಡು. "ಮಾತೇ ಆಗಿಲ್ಲ, ಆಗ್ಲೇ ಬಾಯಿಗಿಟ್ಕೊಂಡ್ಯೇನೋ?"

"ಇಟ್ಟ ತಕ್ಷಣ ತಿನ್ಬೇಕಂತಲ್ಲಮ್ಮ! ಅವರ ರೂಲ್ಸು."

"ಯಾರ್ ರೂಲ್ಸು?"

"ಜಪಾನಿಂದು."

"ಜಪಾನ್ ರೂಲ್ಸು ಇಲ್ಲಿ ಕೂತ ಗಳಿಗೆಗೇ ಬಂದ್ಬಿಡ್ತು, ಕುಂದಾಣದ್ದು ಮರ್ತೋಯ್ತು. ಕಾರಲ್ಲಿ ಅಷ್ಟು ಹೇಳಿದ್ನಲ್ಲೋ! ಈಗ ಅವರ ಮನೆ ಉಪ್ಪು ತಿಂದಾಯ್ತಲ್ಲ, ಆ ಫ್ಯಾಕ್ಟರಿಯೋರಿಗೆ ಏನಂತೀಯ?"

ಚಿಕ್ಕಪ್ಪ ಬಾಯಿ ಒರೆಸಿಕೊಂಡು, "ಉಪ್ಪೇ ಇರ್ಲಿಲ್ಲಮ್ಮ, ಒಂಥರಾ ಹುಳಿ ಹುಳಿ ಇತ್ತು" ಅಂದ. ವಸಂತ್ ಆ ಕಡೆ ತಿರುಗಿಕೊಂಡ. ಅವನ ಭುಜ ಅಲ್ಲಾಡ್ತಾ ಇತ್ತು. ನನಗೂ ನಗು ಬಂತು.

"ಚಿಕ್ಕೋನು ತಿಂದಿದ್ದು ಲೆಕ್ಕಕ್ಕಿಲ್ಲ" ಅಂತ ಅಜ್ಜಿ ತೀರ್ಪು ಕೊಟ್ಟಿತು.

ಕಲ್ಲಿನ ಮೇಲೆ ಅಜ್ಜಿಯ ಸಿಗಡಿ ಒಣಗೋಕೆ ಶುರುವಾಯಿತು. ವಸಂತ್ ಅದನ್ನು ತೆಗೆದ, ತಟ್ಟೆ ಒರೆಸಿದ, ಮತ್ತೆ ಕೈ ಒದ್ದೆ ಮಾಡಿಕೊಂಡು ಇನ್ನೊಂದು ಮಾಡಿ ಇಟ್ಟ. ಅಜ್ಜಿ ಅದನ್ನೂ ಮುಟ್ಟಲಿಲ್ಲ. ಅವನು ಅದನ್ನೂ ತೆಗೆದ. ಪಕ್ಕದಲ್ಲಿ ಕೂತಿದ್ದ ಕೋಟಿನವರು ನಮ್ಮ ಕಡೆ ನೋಡಿ ಏನೋ ಪಿಸುಗುಟ್ಟಿದರು. ಅಜ್ಜಿ ಸೆರಗು ಇನ್ನಷ್ಟು ಎಳೆದುಕೊಂಡಿತು.

ನನಗೆ ಅಜ್ಜಿಯ ಮುಖ ಓದೋಕೆ ಬರುತ್ತೆ. ಅದರಲ್ಲಿ ಸಿಟ್ಟಿರಲಿಲ್ಲ, ಬೇಡ ಅನ್ನೋದೂ ಇರಲಿಲ್ಲ. ಮದುವೆ ಮನೆಯಲ್ಲಿ ಪಂಕ್ತಿ ಹಾಕ್ತಾರೆ ಅನ್ನುವಾಗ ಎದ್ದು ಹೊರಗೆ ಬರುತ್ತಲ್ಲ, ಆ ಮುಖ ಅದು. ಎರಡೂ ಕಡೆ ಜನ, ಎದುರಿಗೆ ದೀಪ, ಕೈಯಲ್ಲೇ ತಿನ್ನಬೇಕು ಅಂತ ಬೇರೆ ಹೇಳಿದ್ದಾನೆ. ಬಲಗೈಗೆ ಆ ನಾಜೂಕು ತುತ್ತು ನಿಲ್ಲೋದಿಲ್ಲ, ಎಡಗೈಯನ್ನು ತೆಗೆಯೋ ಹಾಗಿಲ್ಲ. ಒಪ್ಪಿಗೆ ಇದ್ದರೂ ಅಜ್ಜಿ ತಿನ್ನಲಾರದು! ತಿನ್ನದೆ ಎದ್ದರೆ ಒಪ್ಪಿಗೆ ಇಲ್ಲ ಅಂತಲೇ ಆಗುತ್ತೆ. ಇದನ್ನೇಕೆ ಮೊದಲೇ ಯೋಚಿಸಲಿಲ್ಲವೋ! 'ನಾನೇ ತಿನ್ನಿಸಲಾ ಅಜ್ಜಿ' ಅಂತ ಕೇಳಬೇಕು ಅನ್ನಿಸಿತು. ಕೇಳಿದರೆ ಅದೇ ಅವಮಾನ.

"ಹೊಟ್ಟೆ ಸರಿಯಿಲ್ಲ ಕಣೆ" ಅಂತು ಅಜ್ಜಿ, ಮೆಲ್ಲಗೆ. ಕುರ್ಚಿಯಿಂದ ಇಳಿಯೋಕೆ ಕಾಲು ಹುಡುಕ್ತಾ ಇತ್ತು.

ಆಗ ವಸಂತ್ "ಒಂದು ನಿಮಿಷ ಅಜ್ಜಿ" ಅಂದ.

ಕೋಟಿನವರ ಕಡೆಗೆ ಒಂದು ಎತ್ತರದ ಹೂಜಿ ಇತ್ತು. ಹಿಂದಿನ ದಿನ ನಾನೇ ರೆಂಬೆ ಇಟ್ಟ ಹೂಜಿ. ಅದನ್ನು ಎತ್ತಿ ತಂದು ಅಜ್ಜಿಗೂ ಅವರಿಗೂ ನಡುವೆ ಇಟ್ಟ. ಅಜ್ಜಿಯ ಬಲಕ್ಕಿದ್ದ ನೀರಿನ ಲೋಟವನ್ನು ಎಡಕ್ಕೆ ಸರಿಸಿದ. ಶುಂಠಿಯ ಪುಟ್ಟ ರಾಶಿಯನ್ನೂ ಅದರ ಪಕ್ಕದ ಹಸಿರು ಚಟ್ನಿಯನ್ನೂ ಎಡಕ್ಕೆ ತಂದ. ಆಮೇಲೆ ಇನ್ನೊಂದು ತುತ್ತು ಕಟ್ಟಿ ಕಲ್ಲಿನ ಮೇಲೆ ಇಟ್ಟ.

ಅಲ್ಲಿಯ ತನಕ ನಾನು ಗಮನಿಸಿರಲಿಲ್ಲ. ನಮಗೆಲ್ಲ ಆ ತುತ್ತನ್ನು ಅವನು ನೆಟ್ಟಗೆ ಇಡ್ತಿರಲಿಲ್ಲ. ಬಲಗೈ ಬೆರಳುಗಳು ಸಲೀಸಾಗಿ ಬಂದು ಹಿಡಿಯುವ ಹಾಗೆ ಸ್ವಲ್ಪ ಓರೆಯಾಗಿ ಇಡ್ತಿದ್ದ. ಅಜ್ಜಿಯ ಮುಂದೆ ಈಗ ಇಟ್ಟಿದ್ದು ಅದಕ್ಕೆ ಎದುರು ದಿಕ್ಕಿಗೆ ಓರೆಯಾಗಿತ್ತು.

ಇಟ್ಟವನೇ ಕೆಳಗೆ ನೋಡ್ತಾ ಚಾಕು ಒರೆಸತೊಡಗಿದ.

ಅಜ್ಜಿ ಆ ತುತ್ತನ್ನು ನೋಡಿತು. ನನ್ನ ತಟ್ಟೆ ನೋಡಿತು. ಮತ್ತೆ ತನ್ನದನ್ನು ನೋಡಿತು. ನನ್ನ ಕಡೆ ತಿರುಗಿದಾಗ ಅದರ ಕಣ್ಣು ನಾನು ಹಿಂದೆಂದೂ ನೋಡಿರದಷ್ಟು ದೊಡ್ಡದಾಗಿತ್ತು.

"ನೀನ್ ಹೇಳಿದ್ಯಾ?"

"ಇಲ್ಲ ಅಜ್ಜಿ. ನಿನ್ನಾಣೆಗೂ ಇಲ್ಲ."

"ಮತ್ತೆ ಹೆಂಗೆ?" ಅಂತ ಅಜ್ಜಿ ವಸಂತನನ್ನೇ ಕೇಳಿತು.

ಅವನು ಚಾಕು ಕೆಳಗಿಟ್ಟ. "ನಮ್ಮ ಹಿರಿಯ ಶೆಫ್ಪು ಜಪಾನಿನವರು, ಅಜ್ಜಿ. ಚಾಕು ಹಿಡಿಯೋದಕ್ಕಿಂತ ಮುಂಚೆ ಅವರು ಕಲಿಸಿದ್ದು ಇದೇ. ಬಂದೋರು ಕೂತ ಮೇಲೆ ಬಟ್ಟೆಗೆ ಯಾವ ಕೈ ಮೊದಲು ಬರುತ್ತೆ ನೋಡ್ಕೋ, ಆ ಕೈಗೆ ಸಿಗೋ ಹಾಗೆ ಇಡು ಅಂತ. ನಂದು ಎರಡು ಸಲ ತಪ್ಪಾಯ್ತು. ನಿಮ್ಮ ಕೈ ಮೊದಲೇ ನೋಡಿದ್ದೆ, ಆದ್ರೆ ನೀವು ಅದನ್ನ ಒಳಗೆ ತಗೊಂಡ್ರಿ. ತಿರುಗಿಸಿಟ್ರೆ ಬೇಜಾರಾಗ್ತೀರೇನೋ ಅಂತ ಹೆದರಿಕೊಂಡೆ."

"ಎಡಗೈಯಲ್ಲಿ ತಿಂದ್ರೆ ನಿಮ್ಮ ಆ ಹಿರಿಯರು ಬೈಯಲ್ವಾ?"

"ತುತ್ತು ಒಣಗಿಸಿದ್ರೆ ಬೈತಾರೆ ಅಜ್ಜಿ. ಕೈಗೆ ಬೈಯಲ್ಲ."

ಹೂಜಿಯ ರೆಂಬೆಯ ನೆರಳು ಅಜ್ಜಿಯ ಸೀರೆಯ ಮೇಲೆ ಬಿದ್ದಿತ್ತು. ಆ ಕಡೆ ದಡದಲ್ಲಿ ವಸಂತ್ ಆ ತುತ್ತನ್ನೇ ನೋಡ್ತಾ ನಿಂತಿದ್ದ. ಇನ್ನು ಸ್ವಲ್ಪ ಹೊತ್ತಾದರೆ ಈ ತುತ್ತೂ ಒಣಗುತ್ತೆ, ಅವನು ಇದನ್ನೂ ತೆಗೀಬೇಕು.

ಸೆರಗು ಸರಿಯಿತು.

ಎಡಗೈ ಹೊರಗೆ ಬಂತು. ನನ್ನ ತಲೆ ಬಾಚಿದ ಕೈ, ಜ್ವರ ಬಂದಾಗ ಹಣೆ ಮುಟ್ಟಿದ ಕೈ. ಅದನ್ನು ದೀಪದ ಬೆಳಕಲ್ಲಿ, ನಾಲ್ಕು ಜನರ ನಡುವೆ ನಾನು ಅವತ್ತೇ ಮೊದಲು ನೋಡಿದ್ದು. ಎರಡು ಬೆರಳಿಂದ ತುತ್ತಿನ ಸೊಂಟ ಹಿಡಿದು ಎತ್ತಿ ಬಾಯಿಗಿಟ್ಟುಕೊಂಡಿತು. ಒಂದು ಕಾಳು ಅನ್ನ ಉದುರಲಿಲ್ಲ.

"ಅಮ್ಮಾ, ಕೈ..." ಅಂದ ಚಿಕ್ಕಪ್ಪ, ಗಾಬರಿಯಲ್ಲಿ. "ಜನ ನೋಡ್ತಾರೆ."

ಅಜ್ಜಿ ಬಾಯಲ್ಲಿದ್ದದ್ದನ್ನು ಪೂರ್ತಿ ಮುಗಿಸಿತು. ಆಮೇಲೆ, "ನೋಡ್ಲಿ ಬಿಡೋ. ನೀನು ಆಗ್ಲೇ ಗುಳುಂ ಅನ್ನಿಸ್ದಾಗ ನೋಡ್ಲಿಲ್ವಾ?" ಅಂತು. ವಸಂತನ ಕಡೆ ತಿರುಗಿ, "ಉಪ್ಪು ಕಮ್ಮಿ ಕಣಪ್ಪಾ. ಇನ್ನೊಂದು ಮಾಡು" ಅಂತು.

ನಾನೂ ನನ್ನ ಒಣಗಿದ ಸಿಗಡಿಯನ್ನು ಬಾಯಿಗಿಟ್ಟೆ. ವಸಂತ್ "ಬೇಡ, ಬೇರೆ ಮಾಡ್ಕೊಡ್ತೀನಿ" ಅಂತ ಕೈ ಚಾಚೋದರೊಳಗೆ ನುಂಗಿಬಿಟ್ಟೆ. ರುಚಿ ಏನಂತ ಈಗ ಕೇಳಿದರೆ ಹೇಳಲಾರೆ. ಕಣ್ಣಲ್ಲಿ ನೀರಿತ್ತು. ಚಿಕ್ಕಪ್ಪ ಅದನ್ನು ನೋಡಿ, "ಆ ಹಸಿರು ಚಟ್ನಿ ಖಾರ ಇರ್ಬೇಕು" ಅಂತ ಒಂದು ಲೋಟ ನೀರು ನನ್ನ ಕಡೆ ಸರಿಸಿದ.

ಆಮೇಲೆ ಬಂದ ಮೊಟ್ಟೆ, ಅಣಬೆ, ಸುಟ್ಟ ಮೀನು ಎಲ್ಲದಕ್ಕೂ ಅಜ್ಜಿ ಏನಾದರೂ ಒಂದು ಕೊಂಕು ತೆಗೆಯಿತು, ಎಲ್ಲವನ್ನೂ ತಿಂತು. ಮೊಟ್ಟೆಗೆ ಸಕ್ಕರೆ ಯಾಕೆ ಹಾಕಿದೆ ಅಂತ ಕೇಳಿತು. ಅಣಬೆ ನಮ್ಮ ಹುತ್ತದ ಅಣಬೆಯಷ್ಟು ಘಮ ಇಲ್ಲ ಅಂತು. ಕೊನೆಗೆ ಬಂದ ಚಹಾ ಕುಡಿದು, "ಇದಕ್ಕೆ ಹಾಲು ಹಾಕೋದು ಮರ್ತಿದ್ದಾರೆ, ಆದ್ರೂ ಪರವಾಗಿಲ್ಲ" ಅಂತು. ಲೋಟ ಹಿಡಿದದ್ದು ಎಡಗೈಯಲ್ಲೇ.

ಎಲ್ಲ ಮುಗಿದ ಮೇಲೆ ಕರಿಕಲ್ಲನ್ನು ಪಕ್ಕಕ್ಕೆ ಸರಿಸಿ, ಊರಿನ ಪಂಚಾಯ್ತಿಯಲ್ಲಿ ಮಾತಾಡೋರ ಹಾಗೆ ನೆಟ್ಟಗೆ ಕೂತಿತು.

"ನೋಡಪ್ಪಾ. ನಮ್ಮ ಹುಡುಗಿ ಬರೀ ಕನಸು. ಒಲೆ ಮೇಲೆ ಹಾಲಿಟ್ಟು ಕಿಟಕೀಲಿ ವಿಮಾನ ನೋಡ್ತಾ ನಿಂತ್ಕೋತಾಳೆ. ಹಾಲು ಉಕ್ಕೋದು ಇವಳಿಗೆ ಗೊತ್ತೇ ಆಗಲ್ಲ."

"ಗೊತ್ತು ಅಜ್ಜಿ. ಹಾಲು ನಾನು ನೋಡ್ಕೋತೀನಿ" ಅಂದ ವಸಂತ್.

"ನಿಮ್ಮಪ್ಪ ಅಮ್ಮನಿಗೆ ಬರೋಕೆ ಹೇಳು. ನಮ್ಮನೇಗೆ. ಮಾತಾಡೋಣ."

ನಾನು ಹೂಜಿಯ ರೆಂಬೆಯಿಂದ ಉದುರಿದ್ದ ಒಂದು ಎಲೆಯನ್ನು ಎತ್ತಿ ಅಂಗೈಯಲ್ಲಿ ಮುಚ್ಚಿಕೊಂಡೆ. ವಸಂತ್ ಅದನ್ನು ನೋಡಿದ. ಅಜ್ಜಿಯೂ ನೋಡಿತು, ನೋಡದ ಹಾಗೆ ಚೀಲದಲ್ಲಿ ಅಡಿಕೆ ಹುಡುಕಿತು.

ಹೊರಗೆ ಬಿಸಿಲು ಇಳಿದಿತ್ತು. ಅಜ್ಜಿ ಕಾರಿನ ಹಿಂದಿನ ಸೀಟಲ್ಲಿ ನನ್ನ ಪಕ್ಕ ಕೂತಿತು. ಚಿಕ್ಕಪ್ಪ ಫ್ಯಾಕ್ಟರಿಯವರಿಗೆ ಯಾವ ಮಾತಲ್ಲಿ ಹೇಳೋದು ಅಂತ ತನ್ನಷ್ಟಕ್ಕೆ ಗೊಣಗ್ತಾ ಓಡಿಸ್ತಾ ಇದ್ದ. ಟೋಲ್ ದಾಟಿ ನಮ್ಮೂರ ಕಡೆ ತಿರುಗುವಾಗ ಅಜ್ಜಿ ಮಾತಾಡಿತು.

"ಮದುವೇಲಿ ಊಟಕ್ಕೆ ನನಗೂ ಒಂದು ಎಲೆ ಹಾಕ್ಸೆ."

ನಾನು ಅದರ ಮುಖ ನೋಡಿದೆ. "ಪಂಕ್ತೀಲಾ ಅಜ್ಜಿ?"

"ಇನ್ನೆಲ್ಲಿ, ಅಡುಗೆಮನೇಲಾ? ಮೊದಲನೇ ಪಂಕ್ತೀಲಿ. ಆದ್ರೆ ಎಡಗಡೆ ಕೊನೇ ಎಲೆ ನಂದು. ನಡುವೆ ಕೂರಿಸಿದ್ರೆ ಪಕ್ಕದವರ ಮೊಣಕೈಗೆ ನನ್ನ ಮೊಣಕೈ ತಾಗುತ್ತೆ, ಸಾರೆಲ್ಲ ಚೆಲ್ಲಾಡಿಬಿಡುತ್ತೆ. ಆ ಹುಡುಗನಿಗೆ ಹೇಳು, ಅವನಿಗೆ ಅರ್ಥ ಆಗುತ್ತೆ."

"ಹೇಳ್ತೀನಿ. ಅಜ್ಜಿ, ಆ ಒಳಮನೆಯ ಕೈ ಕೇಳ್ತಲ್ಲ, ಹೊರಗಡೆ ಹೆಂಗಿದೆ ಅಂತ. ಆಮೇಲೆ ಏನಾಯ್ತು?"

ಅಜ್ಜಿ ಕಿಟಕಿಯ ಗಾಜು ಇಳಿಸು ಅಂತ ಸನ್ನೆ ಮಾಡಿತು. ಇಳಿಸಿದೆ. ಎಡಗೈಯನ್ನು ಕಿಟಕಿಯ ಮೇಲಿಟ್ಟು ಬೆರಳು ಅಗಲ ಮಾಡಿತು. ಗಾಳಿ ಬೆರಳುಗಳ ನಡುವೆ ನುಗ್ಗಿ ಬಳೆಗಳನ್ನು ಸದ್ದು ಮಾಡಿಸಿತು. ಮೇಲೆ ಒಂದು ವಿಮಾನ ಇಳಿಯೋಕೆ ಬರ್ತಾ ಇತ್ತು.

"ತಡಿಯೇ" ಅಂತು. "ಇನ್ನೂ ನೋಡ್ತಾ ಇದೆ."